ಅಡ್ಡ ಹಾಯುವ ಚುಕ್ಕಿಗಾಗಿ ಜೂರಾಲದ ದಂಡೆಯಲ್ಲಿ

ಉಲ್ಕೆ ನೋಡುವ ವಿಷಯದಲ್ಲಿ ನಮ್ಮ ಜನ ಮಾಡುವ ಎಡವಟ್ಟು ಕಂಡರೆ ನನಗೆ ಮೈ ಉರಿಯುತ್ತದೆ. ಡಿಸೆಂಬರ್ ನಡುವಿನ ವಾರ ಬಂತೆಂದರೆ ಸಾಕು, ಮೊಬೈಲಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಸುದ್ದಿ ಹಂಚುತ್ತಾರೆ. ಇವತ್ತು ಉಲ್ಕೆಗಳ ಮಳೆ, ಸರಿರಾತ್ರಿ ಎದ್ದು ನೋಡಿ ಅಂತ. ಮಂದಿ ಅಲಾರಂ ಇಟ್ಟು ಮಲಗುತ್ತಾರೆ. ಅದು ಬಡಿದುಕೊಂಡರೆ ಬಾಯಿ ಮುಚ್ಚಿಸಿ ಇನ್ನೊಂದು ಮಗ್ಗುಲಿಗೆ ಹೊರಳುತ್ತಾರೆ. ಬೆಳಿಗ್ಗೆ ನನ್ನ ಅಂಗಡಿಗೆ ಬಂದು, "ಏನೂ ಕಾಣ್ಲಿಲ್ಲ ಬಿಡ್ರಿ ಅಕ್ಕಾರ, ಎಲ್ಲಾ ಸುಳ್ಳು" ಅನ್ನುತ್ತಾರೆ. ಮಲಗಿದವರಿಗೆ ಏನು ಕಾಣಬೇಕು ಎಂದು ನಾನು ಜಗಳ ತೆಗೆಯುತ್ತೇನೆ.

ನನ್ನ ಅಂಗಡಿ ಇರುವುದು ರಾಯಚೂರಿನ ಗಡಿಯಾಚೆ, ತೆಲಂಗಾಣದ ನಾರಾಯಣಪೇಟೆಯಲ್ಲಿ. ಸೀರೆಗೆ ಫಾಲ್ ಹಚ್ಚುವುದು, ಸೆರಗಿಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ಕೈ ದುಡಿಯುವಾಗ ಕಿವಿ ಖಾಲಿ ಇರುತ್ತದೆ, ಅದಕ್ಕೆ ಮೊಬೈಲಿನಲ್ಲಿ ಏನಾದರೂ ಹಚ್ಚಿಟ್ಟುಕೊಳ್ಳುತ್ತೇನೆ. ಅಕ್ಕಪಕ್ಕದ ಅಂಗಡಿಯವರು ಧಾರಾವಾಹಿ ಕೇಳಿದರೆ ನಾನು ಆಕಾಶದ ಸುದ್ದಿ ಕೇಳುತ್ತೇನೆ. ಹೇಗೆ ಶುರುವಾಯಿತೋ ಗೊತ್ತಿಲ್ಲ, ಈಗ ಅದು ಬಿಟ್ಟರೆ ಸೂಜಿ ಓಡುವುದಿಲ್ಲ. ನನ್ನ ಗಂಡ ಆಟೋ ಓಡಿಸುತ್ತಾನೆ. "ನಮ್ಮಾಕಿಗೆ ನೆಲದ ಮ್ಯಾಗ ಯಾರೂ ಸರಿ ಬರಂಗಿಲ್ರಿ, ಅದಕ್ಕ ಮ್ಯಾಲೆ ನೋಡ್ತಾಳ" ಎಂದು ಅವನು ಗಿರಾಕಿಗಳ ಮುಂದೆ ಹೇಳಿ ನಗಿಸುತ್ತಾನೆ.

ಹಾಗೆ ಕೇಳುತ್ತಾ ಒಂದು ಸಂಗತಿ ನನ್ನ ತಲೆಯಲ್ಲಿ ಕೂತಿತು. ಡಿಸೆಂಬರಿನ ಉಲ್ಕೆಗಳೆಲ್ಲ ಮಿಥುನ ರಾಶಿಯ ಕಡೆಯಿಂದ ಬಂದಂತೆ ಕಾಣುತ್ತವೆ. ಆ ರಾಶಿ ಈಶಾನ್ಯದ ಅಂಚಿನಲ್ಲಿ ಆಗಷ್ಟೇ ತಲೆ ಎತ್ತುವ ಹೊತ್ತಿಗೆ, ಅಂದರೆ ದೀಪ ಹಚ್ಚಿ ಊಟಕ್ಕೆ ಕೂರುವ ಹೊತ್ತಿಗೆ, ಬಾಹ್ಯಾಕಾಶದ ಆ ಪುಟ್ಟ ಕಲ್ಲುಗಳು ನಮ್ಮ ಮೇಲೆ ನೇರ ಬೀಳುವುದಿಲ್ಲ. ಗಾಳಿಯ ಮೇಲ್ಪದರವನ್ನು ಸವರಿಕೊಂಡು ಅಡ್ಡಡ್ಡ ಹಾಯುತ್ತವೆ. ಹೆಂಚಿನ ಚೂರನ್ನು ಕೆರೆಯ ನೀರಿನ ಮೇಲೆ ಬೀಸಿ ಒಗೆದರೆ ಮುಳುಗದೆ ಹೋಗುತ್ತದಲ್ಲ, ಹಾಗೆ. ಸರಿರಾತ್ರಿಯ ಉಲ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಈ ಅಡ್ಡ ಹಾಯುವುದು ಹಾಗಲ್ಲ, ನಿಧಾನ. ಆಕಾಶದ ಈ ಅಂಚಿನಿಂದ ಆ ಅಂಚಿನವರೆಗೂ ಉದ್ದಕ್ಕೆ ಗೆರೆ ಎಳೆಯುತ್ತದೆ. ಎಷ್ಟೋ ಸಲ ನೆಲದಂಚಿಗೆ ಹತ್ತಿರವೇ ಸಾಗುತ್ತದೆ, ತಲೆ ಎತ್ತುವ ಗೋಜೇ ಇಲ್ಲ. ಆದರೆ ಬಲು ಅಪರೂಪ. ಸಂಜೆಯೆಲ್ಲ ಕೂತರೆ ಒಂದು ಸಿಕ್ಕೀತು, ಸಿಗದೆಯೂ ಇದ್ದೀತು.

ತಲೆ ಎತ್ತುವ ಗೋಜಿಲ್ಲ ಎಂಬ ಮಾತು ಕೇಳಿದ ಗಳಿಗೆ ನಾನು ಸೂಜಿಯನ್ನು ಸೀರೆಯಲ್ಲೇ ಬಿಟ್ಟು ಕೂತೆ. ನನಗೆ ಚಿಗವ್ವನ ನೆನಪಾಗಿತ್ತು.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಗದ್ವಾಲಕ್ಕೆ ಮದುವೆಯಾಗಿ ಹೋದವಳು ಅಂದಿನಿಂದ ಮಗ್ಗ ಬಿಟ್ಟು ಎದ್ದಿಲ್ಲ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡಿಸಿ ನೇಯುವ ಸೀರೆ ಅವರ ಊರಿನದು. ಆ ಕೂಡುವ ಜಾಗದಲ್ಲಿ ಅವಳ ಕೈ ಎಲ್ಲಿ ಹಾದಿದೆ ಎಂದು ಬೆರಳಾಡಿಸಿದರೂ ಗೊತ್ತಾಗುವುದಿಲ್ಲ. ಇದನ್ನು ನಾನು ಅಭಿಮಾನಕ್ಕೆ ಹೇಳುತ್ತಿಲ್ಲ. ದಿನವಿಡೀ ಸೀರೆಯ ಅಂಚನ್ನೇ ಹೊಲಿಯುವವಳು ನಾನು, ಯಾರ ಅಂಚು ಹೇಗೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಬಟ್ಟೆಯ ಮೇಲೆ ಬಗ್ಗಿ ಕೂರಬೇಕು. ಬಗ್ಗಿ ಬಗ್ಗಿ ಅವಳ ಕುತ್ತಿಗೆ ಹಾಗೆಯೇ ನಿಂತುಬಿಟ್ಟಿತು. ಎತ್ತಲು ಹೋದರೆ ತಲೆ ಗರ್ರನೆ ತಿರುಗಿ ಬೀಳುತ್ತಾಳೆ. ಪಕ್ಕಕ್ಕೆ ನೋಡಬೇಕಾದರೆ ಸೊಂಟದಿಂದ ಮೈಯೆಲ್ಲ ತಿರುಗಿಸಬೇಕು. ಅಂಗಾತ ಮಲಗಿದರೂ ಚಕ್ಕರ್. ದಿಂಬು ಒಟ್ಟಿಕೊಂಡು ಅರ್ಧ ಕೂತೇ ನಿದ್ದೆ ಮಾಡುತ್ತಾಳೆ.

ಇಷ್ಟಾದರೂ ಅವಳ ಬಾಯಲ್ಲಿ ಗೊಣಗು ಕೇಳಿದವರಿಲ್ಲ. ಒಂದೇ ಒಂದು ವಿಷಯಕ್ಕೆ ಅವಳು ಚಿಕ್ಕ ಹುಡುಗಿಯ ಹಾಗೆ ಮುಖ ಊದಿಸುತ್ತಿದ್ದಳು. ಬೇಸಿಗೆಯಲ್ಲಿ ಅವರ ಮನೆಯ ಅಂಗಳದಲ್ಲಿ ಎಲ್ಲರೂ ಮಲಗಿದಾಗ ಯಾರಾದರೂ "ಅಗಾ, ಚುಕ್ಕಿ ಓಡ್ತು" ಅನ್ನುವರು. ಚಿಗವ್ವ ಕೈ ಊರಿ, ಮೈ ತಿರುಗಿಸಿ ನೋಡುವಷ್ಟರಲ್ಲಿ ಅಲ್ಲಿ ಏನೂ ಇರುತ್ತಿರಲಿಲ್ಲ. ಆಮೇಲೆ ಎಲ್ಲರೂ ಸೇರಿ ಅದು ಹಿಂಗಿತ್ತು, ಹಂಗಿತ್ತು ಎಂದು ಅವಳಿಗೆ ಬಣ್ಣಿಸುವರು. "ಮಂದಿ ಹೇಳಿದ್ದು ಕೇಳಿ ಕೇಳಿ ಸಾಕಾಗೈತಿ ನನಗ. ಒಂದರ ನಾನ ನೋಡಬೇಕು" ಎಂದು ಅವಳು ನನ್ನೊಬ್ಬಳ ಮುಂದೆ ಹೇಳಿದ್ದಳು.

ಈ ಸಲದ ಚಳಿಗಾಲಕ್ಕೆ ಅವಳ ಬಲಗೈ ಜೋಮು ಹಿಡಿಯತೊಡಗಿತು. ರಾಯಚೂರಿನ ದವಾಖಾನೆಯಲ್ಲಿ ತೋರಿಸಿದೆವು. ಸಂಕ್ರಾಂತಿ ಕಳೆದ ಮೇಲೆ ಕುತ್ತಿಗೆಯ ಆಪರೇಶನ್, ಎಲುಬಿಗೆ ಪಟ್ಟಿ ಕೂಡಿಸಿ ಬಿಗಿ ಮಾಡುತ್ತೇವೆ ಎಂದರು. ಕೈ ಉಳಿಯುತ್ತದೆ, ನೋವು ಹೋಗುತ್ತದೆ, ಆದರೆ ಈಗ ತಿರುಗುವಷ್ಟು ಕೂಡ ಕುತ್ತಿಗೆ ತಿರುಗುವುದಿಲ್ಲ. ವರ್ಷಗಟ್ಟಲೆ ಮೈ ಹುಷಾರಾಗಿ ನೋಡಿಕೊಳ್ಳಬೇಕು, ಚಳಿ ಗಾಳಿಗೆ ಹೊರಗೆ ಕೂರುವಂತಿಲ್ಲ. ಚಿಗವ್ವ ತಕ್ಷಣ ಒಪ್ಪಿದಳು. ಹೊರಗೆ ಬಂದು ಆಟೋದಲ್ಲಿ ಕೂತ ಮೇಲೆ, "ಹಂಗಾರ ಚುಕ್ಕಿ ಕತಿ ಮುಗೀತು" ಅಂದಳು. ನಗುತ್ತಲೇ ಅಂದಳು.

ಅವಳನ್ನು ಗದ್ವಾಲಕ್ಕೆ ಬಿಡದೆ ಸೀದಾ ನಮ್ಮ ಮನೆಗೆ ಕರೆದುಕೊಂಡು ಬಂದೆ. ಉಲ್ಕೆಗಳ ವಾರ ಎದುರಿಗೇ ಇತ್ತು, ಚಂದ್ರನ ಕಾಟವೂ ಇರಲಿಲ್ಲ. ಈ ವರ್ಷ ಚಿಗವ್ವನಿಗೆ ಚುಕ್ಕಿ ತೋರಿಸದಿದ್ದರೆ ಇಷ್ಟು ದಿನ ಕಿವಿ ತೂತಾಗುವ ಹಾಗೆ ಕೇಳಿದ್ದು ದಂಡ ಎಂದು ನಿರ್ಧಾರ ಮಾಡಿದೆ.

ಮೊದಲ ಸಂಜೆ ನಮ್ಮ ಮಾಳಿಗೆಯ ಮೇಲೆ ಕೂರಿಸಿದೆ. ಅಯ್ಯೋ, ಆ ಸಂಜೆಯ ಪಾಡು ಕೇಳಬೇಡಿ. ಕುರ್ಚಿಯನ್ನು ಈಶಾನ್ಯಕ್ಕೆ ಮುಖ ಮಾಡಿ ಇಟ್ಟಿದ್ದೆ, ಉಲ್ಕೆ ಬರುವ ಕಡೆಗೇ ನೋಡಬೇಕಲ್ಲ ಅಂತ. ಅದೇ ತಪ್ಪು. ಹೊರಡುವ ಜಾಗದಲ್ಲಿ ಉಲ್ಕೆ ನಮ್ಮ ಕಣ್ಣಿಗೆ ನೇರ ಎದುರಾಗಿ ಬರುತ್ತದೆ, ಚಿಕ್ಕ ಚುಕ್ಕೆಯಾಗಿ ಮಿನುಗಿ ಆರುತ್ತದೆ. ಉದ್ದನೆಯ ಗೆರೆ ನೋಡಬೇಕಾದರೆ ಆ ಕಡೆಯನ್ನು ಎಡಗೈಗೋ ಬಲಗೈಗೋ ಬಿಟ್ಟು ಕೂರಬೇಕು. ಸಾಲದ್ದಕ್ಕೆ ಮಾಳಿಗೆಯ ಮೋಟುಗೋಡೆ ಕೂತವರಿಗೆ ನೆಲದಂಚನ್ನೆಲ್ಲ ಮುಚ್ಚಿತ್ತು, ಪಕ್ಕದ ಮನೆಯ ಟ್ಯೂಬ್‌ಲೈಟು ಕಣ್ಣಿಗೆ ಚುಚ್ಚುತ್ತಿತ್ತು. ಮೇಲೆ ನೆತ್ತಿಯಲ್ಲಿ ಒಂದು ಹಾದರೆ ನಾನು "ಚಿಗವ್ವಾ, ಅಗಾ" ಅನ್ನುವುದು, ಅವಳು ಕುರ್ಚಿಯ ಕೈ ಹಿಡಿದು ತಿರುಗುವುದು. "ಇಲ್ಲ, ಈ ಕಡೆ" ಅನ್ನುವುದು, ಅವಳು ಆ ಕಡೆ ತಿರುಗುವುದು. ಕೊನೆಗೆ ಆಸೆ ತಡೆಯದೆ ಗಲ್ಲ ಎತ್ತಿದಳು, ತಲೆ ತಿರುಗಿ ಕುರ್ಚಿಯ ಸಮೇತ ವಾಲಿದಳು. ನನ್ನ ಗಂಡ ಹಿಡಿಯದಿದ್ದರೆ ಏನಾಗುತ್ತಿತ್ತೋ.

"ಸಾಕು ಬಿಡು ಮಗಳ," ಅಂದಳು ಚಿಗವ್ವ. ಉಸಿರು ಏರಿತ್ತು. "ನನಗ ಇದು ಆಗಂಗಿಲ್ಲ. ನೀ ಅಗಾ ಅಂದಾಗೊಮ್ಮೆ ಎದಿ ಒಡದಂಗ ಆಗ್ತೈತಿ. ನಾಳೆ ನನ್ನ ಊರಿಗಿ ಕಳಿಸು."

ನನಗೆ ಅಳು ಬಂತು, ಸಿಟ್ಟೂ ಬಂತು, ಎರಡನ್ನೂ ಗಂಡನ ಮೇಲೆ ತೀರಿಸಿಕೊಂಡೆ. ಪಾಪ, ಅವನು ಕುರ್ಚಿ ಕೆಳಗಿಳಿಸಿದ.

ಮರುದಿನ ಮಧ್ಯಾಹ್ನ ಚಿಗವ್ವ ಬ್ಯಾಗು ಕಟ್ಟಿಕೊಂಡು ನನ್ನ ಅಂಗಡಿಯಲ್ಲಿ ಕೂತಿದ್ದಳು. ಬೀದಿಯಲ್ಲಿ ಗಾಡಿಗಳು ಹೋಗುತ್ತಿದ್ದವು, ಪಕ್ಕದ ಅಂಗಡಿಯ ಹುಡುಗಿಯರು ಚೆಂಡಾಡುತ್ತಿದ್ದರು. ನನ್ನ ಕಣ್ಣು ಪ್ರತಿಯೊಂದರ ಹಿಂದೆ ಓಡುತ್ತಿತ್ತು, ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಚಿಗವ್ವನ ಕಣ್ಣು ಮಾತ್ರ ಎದುರಿನ ಕಟ್ಟೆಯ ಮೇಲೆ ಒಂದೇ ಜಾಗದಲ್ಲಿ ನೆಟ್ಟಿತ್ತು. ಏನು ನೋಡುತ್ತಿದ್ದೀಯ ಎಂದು ಕೇಳಿದೆ.

"ಏನೂ ಇಲ್ಲ. ರೂಢಿ," ಅಂದಳು. "ಮಗ್ಗದಾಗ ಲಾಳಿ ಹಿಂದ ಕಣ್ಣು ಓಡಿಸಿದ್ರ ಸೀರಿ ಕೆಡ್ತೈತಿ. ಲಾಳಿ ಎಳಿ ತಗೊಂಡು ತನ್ನ ಪಾಡಿಗಿ ತಾ ಆ ಕಡೆ ಈ ಕಡೆ ಓಡಾಡ್ತೈತಿ. ನಾವು ಹೊಸಾ ಎಳಿ ಕುಂದ್ರೂ ಜಾಗ ಒಂದ ನೋಡ್ಕೋಂತ ಕುಂತಿರಬೇಕು. ಎಳಿ ಹರದ್ರ ಅಲ್ಲೇ ಕಾಣ್ತೈತಿ. ಓಡೂದು ನೋಡಾಕ ನನ್ನ ಕಣ್ಣಿಗಿ ಬರಂಗಿಲ್ಲವ್ವ."

ನಾನು ಹಣೆ ಬಡಿದುಕೊಂಡೆ. ಜೀವಮಾನವಿಡೀ ಓಡುವುದರ ಹಿಂದೆ ಹೋಗಬೇಡ ಎಂದು ಕಲಿತ ಕಣ್ಣಿಗೆ ನಾವೆಲ್ಲ ಸೇರಿ ಓಡು ಓಡು ಎಂದು ಹೇಳುತ್ತಿದ್ದೆವು. ಅಂಗಳದಲ್ಲಿ ಹಾಗೆ, ಮಾಳಿಗೆಯ ಮೇಲೂ ಹಾಗೆ. ಅವಳಿಗೆ ಬೇಕಿದ್ದದ್ದು ನೋಡಲು ಒಂದು ಜಾಗ. ಆ ಜಾಗಕ್ಕೆ ಚುಕ್ಕಿಯೇ ಬಂದು ಹಾಯಬೇಕು. ಅಂಥ ಚುಕ್ಕಿ ಇದ್ದರೆ ಅದು ಈ ಅಡ್ಡ ಹಾಯುವುದು ಒಂದೇ.

"ಚಿಗವ್ವಾ, ಇವತ್ತೊಂದು ಸಂಜಿ ನಿಲ್ಲು. ನಾ ಅಗಾ ಅನ್ನಂಗಿಲ್ಲ. ಬಾಯೇ ತಗಿಯಂಗಿಲ್ಲ," ಅಂದೆ.

"ನೀ? ಬಾಯಿ ತಗಿಯಂಗಿಲ್ಲ?" ಎಂದು ಅವಳು ಮೈಯೆಲ್ಲ ತಿರುಗಿಸಿ ನನ್ನನ್ನು ನೋಡಿದಳು. "ಅದನ್ನ ನೋಡಾಕರ ಬರ್ತೀನಿ ನಡಿ."

ಎಲ್ಲಿ ಕೂರಿಸುವುದು ಎಂಬುದು ಮುಂದಿನ ಪ್ರಶ್ನೆ. ಗಂಡ ದಾಮರಗಿದ್ದದ ಕಡೆ ಕತ್ತಲು ಗಟ್ಟಿ ಇರುತ್ತದೆ ಅಂದ. ಕತ್ತಲೇನೋ ಗಟ್ಟಿಯೇ, ಆದರೆ ಆ ದಿನಗಳಲ್ಲಿ ಅಲ್ಲಿ ತೊಗರಿ ಆಳೆತ್ತರ ನಿಂತಿರುತ್ತದೆ. ಕುರ್ಚಿಯಲ್ಲಿ ಕೂತವರಿಗೆ ತೊಗರಿಯೇ ಆಕಾಶ. ಮಕ್ತಲದ ಹೆದ್ದಾರಿಯ ಪಕ್ಕ ಬೇಡವೇ ಬೇಡ, ಲಾರಿಗಳ ದೀಪಕ್ಕೆ ಕಣ್ಣು ಕತ್ತಲಿಗೆ ಒಗ್ಗುವುದೇ ಇಲ್ಲ. ನಮಗೆ ನೆಲದಂಚಿನವರೆಗೂ ಬಿಚ್ಚಿಟ್ಟ ಆಕಾಶ ಬೇಕಿತ್ತು. ಮಕ್ತಲ ದಾಟಿ ಕೃಷ್ಣೆಯ ಕಡೆ ಇಳಿದರೆ ಜೂರಾಲ ಅಣೆಕಟ್ಟಿನ ಹಿನ್ನೀರು ಸಿಗುತ್ತದೆ. ಆಚೆ ದಂಡೆ ದೂರ, ನಡುವೆ ಒಂದು ಮರವೂ ಅಡ್ಡ ಬರುವುದಿಲ್ಲ. ನೀರಿನಷ್ಟು ಒಳ್ಳೆಯ ಬಯಲು ಇನ್ನೆಲ್ಲಿದೆ.

ಹೊತ್ತು ಮುಳುಗುವ ಮೊದಲೇ ಹೊರಟೆವು. ಆಟೋದಲ್ಲಿ ಪ್ಲಾಸ್ಟಿಕ್ ಕುರ್ಚಿ, ಹೊದೆಯಲು ಎರಡು ಕೌದಿ, ಥರ್ಮಾಸಿನಲ್ಲಿ ಚಹಾ, ಚಿಗವ್ವನಿಗೆ ಒರಗಲು ದಿಂಬು. ದಂಡೆಯಲ್ಲಿ ಸಮನಾದ ಜಾಗ ನೋಡಿ ಕುರ್ಚಿ ಇಟ್ಟೆ. ಈ ಸಲ ಆಗ್ನೇಯಕ್ಕೆ ಮುಖ, ಈಶಾನ್ಯ ಎಡಗೈಗೆ. ನೀರಿನಾಚೆ ಎದುರಿಗೆ ದೂರದಲ್ಲಿ ಗದ್ವಾಲದ ದೀಪಗಳ ಮಸುಕು ಬೆಳಕು, ಬಲಕ್ಕೆ ಇನ್ನೂ ದೂರದಲ್ಲಿ ರಾಯಚೂರು ಕಡೆಯ ಬೆಳಕು. ನಡುವೆಯೆಲ್ಲ ಕಪ್ಪು. ಚಿಗವ್ವನ ಕುತ್ತಿಗೆ ಹೇಗಿತ್ತೋ ಹಾಗೆಯೇ ಇರಲಿ ಎಂದು ಬೆನ್ನಿಗೆ ದಿಂಬು ಕೊಟ್ಟು ಮೈಯನ್ನು ಹಿಂದಕ್ಕೆ ಒರಗಿಸಿದೆ. ನೋಟ ಸರಿಯಾಗಿ ನೀರು ಮುಗಿದು ಆಕಾಶ ಶುರುವಾಗುವ ಜಾಗಕ್ಕೆ ಹೋಗಿ ಕೂತಿತು.

"ಎದುರಿಗಿ ನಿಮ್ಮೂರು," ಅಂದೆ. "ಅದರ ಮ್ಯಾಲಿಂದ ಒಂದು ಗೇಣು ಆಕಾಶ ನೋಡ್ಕೋಂತ ಕುಂದ್ರು. ಬಂದ್ರ ಅಲ್ಲೇ ಬರ್ತೈತಿ. ಹುಡುಕಬ್ಯಾಡ."

"ಇದು ಬರೋಬ್ಬರಿ ಮಗ್ಗದ ಮುಂದ ಕುಂತಂಗ ಆತು," ಅಂದಳು.

ಬಲೆ ಎತ್ತಿಕೊಂಡು ಮನೆಗೆ ಹೊರಟ ಬೆಸ್ತನೊಬ್ಬ ನಮ್ಮನ್ನು ಕಂಡು ನಿಂತ. ಯಾರಿಗಾಗಿ ಕಾಯುತ್ತಿದ್ದೀರಿ ಎಂದು ತೆಲುಗಿನಲ್ಲಿ ಕೇಳಿದ. "ಚುಕ್ಕ ಕೋಸಂ ಅನ್ನಾ," ಚುಕ್ಕಿಗಾಗಿ, ಅಂದ ನನ್ನ ಗಂಡ. ಬಸ್ಸಿಗಾಗಿ ಅಂದರೆ ಹೇಗೆ ತಲೆಯಾಡಿಸುತ್ತಿದ್ದನೋ ಹಾಗೆಯೇ ತಲೆಯಾಡಿಸಿ, ಹೊತ್ತಾದರೆ ನೀರಿನ ಮೇಲೆ ಮಂಜು ಏಳುತ್ತದೆ, ಈಗ ಬಂದದ್ದು ಒಳ್ಳೆಯದಾಯಿತು ಎಂದು ಹೇಳಿದ. ನಾವು ಕೇಳದಿದ್ದರೂ ಬ್ಯಾಟರಿ ಆರಿಸಿಕೊಂಡೇ ಹೋದ. ಇಂಥವರನ್ನು ಕಂಡರೆ ಲೋಕದ ಮೇಲಿನ ನನ್ನ ಅರ್ಧ ಸಿಟ್ಟು ಇಳಿದುಹೋಗುತ್ತದೆ.

ಕತ್ತಲು ಪೂರ್ತಿ ಆಯಿತು. ಎಷ್ಟು ಚುಕ್ಕಿಗಳು ಅಂತೀರಿ. ನಾರಾಯಣಪೇಟೆಯಲ್ಲಿ ನಾನು ನೋಡುವ ಆಕಾಶ ಇದರ ಮುಂದೆ ತೊಳೆದು ತೊಳೆದು ಬಣ್ಣ ಹೋದ ಸೀರೆ. ಈಶಾನ್ಯದಲ್ಲಿ ಮಿಥುನದ ಜೋಡಿ ಚುಕ್ಕಿಗಳು ಮೇಲೇಳುವುದನ್ನು ನೋಡಿದೆ. ನೆತ್ತಿಯ ಕಡೆಗೆ ಒಂದು ಉಲ್ಕೆ ಹಾಯಿತು. ಬಾಯಿಗೆ ಬಂದ ಮಾತನ್ನು ಸೆರಗಿನಿಂದ ಒತ್ತಿ ಹಿಡಿದೆ. ಇನ್ನೊಂದು ಹಾಯಿತು. ಗಂಡ ನನ್ನ ಪಾಡು ನೋಡಿ ಕತ್ತಲಲ್ಲಿ ಕಿಸಕ್ಕನೆ ನಕ್ಕ. ಚಿಗವ್ವ ಅಲುಗಲಿಲ್ಲ. ಕೈ ಎರಡೂ ಮಡಿಲಲ್ಲಿ, ಕಣ್ಣು ಗದ್ವಾಲದ ಮೇಲೆ. ಆ ಕೂರುವಿಕೆಯನ್ನು ನೋಡಿ ನನಗೆ ಕೈ ಮುಗಿಯಬೇಕು ಅನ್ನಿಸಿತು. ನಾನು ಒಂದು ಸೀರೆಯ ಫಾಲ್ ಮುಗಿಸುವಷ್ಟರಲ್ಲಿ ನಾಲ್ಕು ಸಲ ಎದ್ದು ಬೀದಿ ನೋಡಿ ಬರುವವಳು. ಅವಳು ಮಗ್ಗದಿಂದ ಒಂದು ಸೀರೆ ಇಳಿಸಲು ದಿನಗಟ್ಟಲೆ ಹೀಗೆ ಕೂತಿದ್ದಾಳೆ, ಒಂದಲ್ಲ ಎರಡಲ್ಲ, ಇಡೀ ಹರೆಯ, ಇಡೀ ನಡುವಯಸ್ಸು. ಅದರ ಸಂಬಳವಾಗಿ ಸಿಕ್ಕದ್ದು ಈ ಕುತ್ತಿಗೆ. ಒಂದು ಚುಕ್ಕಿಯನ್ನಾದರೂ ಕೊಡಪ್ಪಾ ಎಂದು ಯಾರನ್ನು ಕೇಳಿಕೊಂಡೆನೋ ನನಗೇ ಗೊತ್ತಿಲ್ಲ.

ಹೊತ್ತು ಹೋಯಿತು. ನೆಲದಂಚಿನಲ್ಲಿ ಏನೂ ಹಾಯಲಿಲ್ಲ. ಮಿಥುನ ಮೇಲೇರಿದಷ್ಟೂ ಅಡ್ಡ ಹಾಯುವ ಉಲ್ಕೆಯ ಕಾಲ ಮುಗಿಯುತ್ತಾ ಬರುತ್ತದೆ ಎಂಬುದು ನನಗೆ ಗೊತ್ತಿತ್ತು, ಅವಳಿಗೆ ಹೇಳಿರಲಿಲ್ಲ. ನೀರಿನ ಮೇಲೆ ಅಲ್ಲಲ್ಲಿ ಮಂಜಿನ ಪದರ ಏಳತೊಡಗಿತು. ಚಳಿ ಬೆನ್ನಿಗೆ ಇಳಿಯಿತು. ಇನ್ನೊಂದು ಕೌದಿ ತರಲು ಗಂಡ ಆಟೋದ ಹತ್ತಿರ ಹೋದ. ನಾನು ಚಹಾ ಬಗ್ಗಿಸಿ, ನೀರಿಗೆ ಬೆನ್ನು ಮಾಡಿ ಚಿಗವ್ವನ ಎದುರು ಕೂತು ಲೋಟ ಚಾಚಿದೆ.

ಅವಳು ತೆಗೆದುಕೊಳ್ಳಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಕಣ್ಣು ನನ್ನ ಹೆಗಲಾಚೆ ಎಲ್ಲೋ ಇತ್ತು. ನೋಡುತ್ತಿದ್ದಂತೆ ಆ ಕಣ್ಣುಗಳು ಎಡದಿಂದ ಬಲಕ್ಕೆ ಸರಿಯತೊಡಗಿದವು, ನಿಧಾನಕ್ಕೆ. ಕುತ್ತಿಗೆ ಅಲುಗಲಿಲ್ಲ, ಗಲ್ಲ ಏಳಲಿಲ್ಲ. ಮತ್ತೆ ತಲೆ ತಿರುಗಿತೇನೋ ಎಂದು ಅವಳ ಮೊಣಕಾಲು ಹಿಡಿದೆ.

"ಚಿಗವ್ವಾ, ಚಕ್ಕರ್ ಬಂತೇನು?"

ಸುಮ್ಮನಿರು ಎನ್ನುವಂತೆ ಅವಳು ಕೌದಿಯಿಂದ ಒಂದು ಕೈ ಎತ್ತಿದಳು. ಆ ಕೈ ಅರ್ಧಕ್ಕೇ ನಿಂತಿತು. ನಾನು ತಟ್ಟನೆ ಹಿಂದಿರುಗಿ ನೋಡಿದೆ. ನೀರು, ಕತ್ತಲು, ಎರಡು ಊರುಗಳ ಬೆಳಕು, ಅಷ್ಟೆ.

ಅವಳು ಎತ್ತಿದ ಕೈ ಇಳಿಸಿದಳು. "ನೀ ನೋಡಿದ್ಯಾ?"

"ಇಲ್ಲ."

"ಅಳಿಯಾ, ನೀವು?"

ಗಂಡ ಕೌದಿ ಹಿಡಿದುಕೊಂಡು ಬರುತ್ತಿದ್ದ. "ಏನ್ರಿ ಅತ್ತಿ? ನಾ ಗಾಡಿ ಕಡೆ ಇದ್ನಲ್ರಿ."

ಚಿಗವ್ವ ನಗತೊಡಗಿದಳು. ನಕ್ಕರೆ ಅವಳ ಕುತ್ತಿಗೆ ನೋಯುತ್ತದೆ, ಆದರೂ ನಕ್ಕಳು. "ಇಬ್ಬರ ಗೋಣೂ ನೆಟ್ಟಗ ಐತಿ. ಇಬ್ಬರೂ ನೋಡ್ಲಿಲ್ಲ," ಅಂದಳು. ಆಮೇಲೆ ಕುರ್ಚಿಯ ಪಕ್ಕದ ನೆಲ ತೋರಿಸಿ, "ಕುಂದ್ರಿ ಇಲ್ಲಿ. ನಾ ಹೇಳ್ತೀನಿ" ಅಂದಳು.

ನಾವಿಬ್ಬರೂ ಕೂತೆವು.

"ಮೊದಲ ಎಡಗಡಿ ನೀರಿನ ತುದಿಗಿ ಹಳದಿ ಬೆಳಕು ಹುಟ್ತು. ನಾ ಯಾವುದೋ ಗಾಡಿ ಅಂದ್ಕೊಂಡೆ. ಅದು ನೆಲ ಬಿಟ್ಟು ಎದ್ದು ಬಂತು. ಅವಸರ ಇಲ್ಲ ಅದಕ್ಕ. ಬಾಲ ಅಂದ್ರ ಉದ್ದಕ ಬಾಲ, ಕೆಂಪಗ. ನಮ್ಮೂರ ಮ್ಯಾಗ ಬಂದಾಗ ಬೆಳ್ಳಗ ಆತು. ನಮ್ಮ ಮನಿ ಮ್ಯಾಲೆ ಹಾದು ಹೋತು ಅಂತ ಇಟ್ಕೋ. ಆಮ್ಯಾಲ ಬಲಕ್ಕ ರಾಯಚೂರ್ ಕಡೆ ಇಳಕೋಂತ ಹೋಗಿ ಒಂದು ಚೂರು ಒಡದು, ಆರಿ ಹೋತು. ನನಗಿಂತ ಮೊದಲ ದವಾಖಾನಿ ನೋಡಾಕ ಹೋತೇನೋ."

ನನ್ನ ಕಣ್ಣಲ್ಲಿ ನೀರು ತುಂಬಿ ಚುಕ್ಕಿಗಳೆಲ್ಲ ಕಲಸಿಹೋಗಿದ್ದವು. ಕತ್ತಲಿದ್ದದ್ದಕ್ಕೆ ಯಾರಿಗೂ ಕಾಣಲಿಲ್ಲ. ಚಿಗವ್ವ ಕೇಳಿದಳು, "ಇನ್ನೊಮ್ಮಿ ಹೇಳ್ಲಾ?"

"ಹೇಳು," ಅಂದೆ.

ಅವಳು ಎಡಗಡೆಯ ನೀರಿನ ತುದಿಯಿಂದ ಮತ್ತೆ ಶುರು ಮಾಡಿದಳು. ನಾನು ಆರಿದ ಚಹಾದ ಲೋಟ ಹಿಡಿದುಕೊಂಡು ಪೂರ್ತಿ ಕೇಳಿದೆ.